ಚಿನ್ನ ಹೋದ ದಾರಿಯಲ್ಲಿ ಬುತ್ತಿಯ ಡಬ್ಬಿಗಳು

ನಮ್ಮ ಬೈರಕೂರಿಗೆ ರೈಲಿಲ್ಲ. ಮುಳಬಾಗಿಲು, ಕೋಲಾರ ದಾಟಿ ಬಂಗಾರಪೇಟೆಗೆ ಹೋದರೆ ರೈಲು. ಅಲ್ಲಿರುವ ಅಣ್ಣನ ಮನೆಗೆ ನಾನು ಹೋದದ್ದು ಒಂದು ಜಗಳ ತೀರಿಸಲು. ಟೊಮೆಟೊಗೆ ಬೆಲೆ ಸಿಗದೆ ಅಣ್ಣ ಸಾಲ ಮಾಡಿಕೊಂಡ ಮೇಲೆ ಅವನ ಮಗಳು ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದ್ದಳು. ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳುವ ಹುಡುಗಿಯ ಬಗ್ಗೆ ಮನೆಯಲ್ಲಿ ಎಲ್ಲರಿಗೂ ಅಸಮಾಧಾನ. ನನಗೂ ಇತ್ತು.

ಈ ಊರನ್ನು ಬೆಳೆಸಿದ್ದೇ ರೈಲು. 1864ರಲ್ಲಿ ಮದ್ರಾಸಿನಿಂದ ಬೆಂಗಳೂರಿಗೆ ರೈಲು ಬಂತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನಿಂದ ಊರು ಬೌರಿಂಗ್‌ಪೇಟೆಯಾಯಿತು. 1894ರಲ್ಲಿ ಇಲ್ಲಿಂದ ಮಾರಿಕುಪ್ಪಂವರೆಗೆ, ಚಿನ್ನದ ಗಣಿಗಳಿಗೆ ಕವಲು ಹಳಿ ಹಾಕಿದರು. ಯಂತ್ರ, ಕಲ್ಲಿದ್ದಲು, ತಮಿಳು, ತೆಲುಗು ನಾಡಿನ ಕೂಲಿಕಾರರು ಎಲ್ಲ ಬಂದದ್ದು ರೈಲಿನಲ್ಲೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಗಣಿಗೆ ತಲುಪಿತು. 1913ರಲ್ಲಿ ಕೋಲಾರಕ್ಕೆ ಪುಟ್ಟ ಹಳಿಯ ರೈಲು ಓಡಿತು. ಈಗ ಅದೂ ದೊಡ್ಡ ಹಳಿಯಾಗಿದೆ. 2013ರಿಂದ ಆ ಮಾರ್ಗದಲ್ಲಿ ಚಿಕ್ಕಬಳ್ಳಾಪುರದವರೆಗೂ ಹೋಗಬಹುದು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಹಳಿ ಮಾತ್ರ ಉಳಿಯಿತು. ಚಿನ್ನ ತೆಗೆದವರ ಮಕ್ಕಳು ಅದೇ ಹಳಿಯ ಮೇಲೆ ಸುಮಾರು ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿಗೆ ದುಡಿಯಲು ಹೊರಟರು. ಇಂದು ಇಲ್ಲಿನ ಎಷ್ಟೋ ಮನೆಗಳ ಒಲೆ ಉರಿಯುವುದು ಆ ಸಂಬಳದಿಂದ.

ಮರುದಿನ ಫಜ್ರ್ ನಮಾಝ್ ಮುಗಿಸಿ ಅವಳೊಂದಿಗೆ ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರಂ ತುಂಬ ಹೆಂಗಸರು. ಕೈಯಲ್ಲಿ ಬುತ್ತಿಯ ಡಬ್ಬಿ, ಪರ್ಸಿನಲ್ಲಿ ತಿಂಗಳ ಪಾಸು. ಕೆ.ಜಿ.ಎಫ್. ಕಡೆಯಿಂದ ರೈಲು ತುಂಬಿಯೇ ಬಂತು. ಕಿಟಕಿಯಿಂದ ಒಬ್ಬಳು ಇವಳ ಹೆಸರು ಹಿಡಿದು ಕೂಗಿದಳು. ಅವಳಿಗಾಗಿ ಒಂದಿಷ್ಟು ಜಾಗ ಹಿಡಿದಿಟ್ಟಿದ್ದರು.

"ನೋಡಿದಿರಾ ಫೂಫೂ, ನಾನು ಒಂಟಿಯಾಗಿ ಹೋಗೋದಿಲ್ಲ" ಎಂದು ನಗುತ್ತಾ ಹತ್ತಿದಳು.

ಮನೆಗೆ ಬಂದು ಅಣ್ಣನಿಗೆ ಹೇಳಿದೆ: "ಕೆಲಸ ಬಿಡಿಸುವ ಮಾತು ಬೇಡ. ರಾತ್ರಿ ರೈಲಿನ ಹೊತ್ತಿಗೆ ನೀವು ಸ್ಟೇಷನ್ನಿಗೆ ಹೋಗಿ ಕರೆದುಕೊಂಡು ಬನ್ನಿ, ಅಷ್ಟು ಸಾಕು."

ಅಣ್ಣ ಏನೂ ಹೇಳಲಿಲ್ಲ. ರಾತ್ರಿ ಇಶಾ ಮುಗಿಸಿ ಬಂದವನು ಚಪ್ಪಲಿ ಕಳಚದೆ, ಟಾರ್ಚು ಹಿಡಿದು ಹೊರಟ.