ಕಲ್ನಾರಿನ ಸೂರು

ಮುಂಬಯಿಯ ಉಪನಗರದಲ್ಲಿ ಬಾಡಿಗೆಗೆ ಖೋಲಿ ಹುಡುಕುವವನನ್ನು ದಲ್ಲಾಳಿ ಮೊದಲು ಕೇಳುವ ಪ್ರಶ್ನೆ ‘ಸ್ಲ್ಯಾಬೋ, ಪತ್ರಾವೋ?’ ಎಂಬುದು. ಸ್ಲ್ಯಾಬಿನ ಮನೆಯವರು ಪುಣ್ಯವಂತರು. ಪತ್ರಾದ ಕೆಳಗಿರುವವರು ನಮ್ಮಂತಹ ಶಾಲಾಮಾಸ್ತರರು, ಹೋಟೆಲು ಕೆಲಸದವರು, ಗೌಂಡಿಗಳು. ಪತ್ರಾದಲ್ಲಿಯೂ ಎರಡು ಜಾತಿ. ಒಂದು ತಗಡಿನದು, ಮತ್ತೊಂದು ಬೂದಿಬಣ್ಣದ, ಅಲೆಅಲೆಯಾದ ಸಿಮೆಂಟಿನದು. ಅಂಗಡಿಯವನು ಇದನ್ನು ಸಿಮೆಂಟ್ ಪತ್ರಾ ಎಂದೇ ಕರೆದು ಮಾರುತ್ತಾನೆ. ಅದರೊಳಗೆ ನೂರಕ್ಕೆ ಎಂಟು ಹತ್ತು ಪಾಲು ಬೇರೊಂದು ವಸ್ತುವಿರುವುದೆಂಬ ಮಾತನ್ನು ಅವನೂ ಎತ್ತುವುದಿಲ್ಲ, ಕೊಳ್ಳುವವನೂ ಕೇಳುವುದಿಲ್ಲ. ಆ ವಸ್ತುವೇ ಆಸ್ಬೆಸ್ಟಾಸು.

ಕನ್ನಡದಲ್ಲಿ ಇದಕ್ಕೆ ಕಲ್ನಾರು ಎಂಬ ಸೊಗಸಾದ ಹೆಸರಿದೆ. ಗ್ರೀಕರ ಮಾತಿಗೆ ‘ಆರಿಸಲಾಗದುದು’ ಎಂದು ಅರ್ಥವಂತೆ. ನಮ್ಮವರು ಅದನ್ನು ಕೈಯಲ್ಲಿ ಹಿಡಿದು ನೋಡಿ ಕಲ್ಲಿನ ನಾರು ಎಂದರು. ಹೆಸರಿಡುವುದರಲ್ಲಿ ನಮ್ಮವರೇ ಗೆದ್ದರೆಂದು ನಾವು ಸಪ್ತಮ ತರಗತಿಯಲ್ಲಿ ಸಮಾಸ ಪಾಠ ಮಾಡುವಾಗ ಹೇಳುವುದುಂಟು. ಅದೇಕೆಂದರೆ, ಈ ಪದಾರ್ಥದ ಗುಣವೂ ದೋಷವೂ ಎರಡೂ ಅದರ ನಾರಿನಲ್ಲಿಯೇ ಇವೆ. ಬೆಂಕಿಗೆ ಸುಡದು, ನೀರಿಗೆ ಕೊಳೆಯದು, ಸಿಮೆಂಟಿಗೆ ಸೇರಿಸಿದರೆ ಬೆರಳಿಗಿಂತ ತೆಳುವಾದ ಹಾಳೆಗೆ ಬಲ ಬರುತ್ತದೆ. ೧೯೦೦ರ ಸುಮಾರಿಗೆ ಆಸ್ಟ್ರಿಯಾದ ಲುಡ್ವಿಗ್ ಹಾಟ್‌ಶೆಕ್ ಎಂಬಾತನು ಇಂತಹ ಹಾಳೆ ಮಾಡುವ ವಿಧಾನವನ್ನು ಕಂಡುಹಿಡಿದಂದಿನಿಂದ ಬಡವರ ಸೂರಿಗೆ ಇದು ಹಬ್ಬಿತು. ಹಳೆಯ ಶಾಲೆಗಳ ವಿಜ್ಞಾನದ ಕಪಾಟಿನಲ್ಲಿಯೂ ಇದು ಇರುತ್ತಿತ್ತು. ಸ್ಪಿರಿಟ್ ದೀಪದ ಮೇಲಿಡುವ ತಂತಿಬಲೆಯ ನಡುವಣ ಬಿಳಿಯ ಬಿಲ್ಲೆಯನ್ನು ಹಿಂದೆ ಕಲ್ನಾರಿನಿಂದಲೇ ಮಾಡುತ್ತಿದ್ದರು. ಅಂತಹ ಬಲೆ ಎಲ್ಲಿಯಾದರೂ ಉಳಿದಿದ್ದು, ಬಿಲ್ಲೆ ಉದುರುತ್ತಿದ್ದರೆ, ಮಕ್ಕಳ ಕೈಗೆ ಅದನ್ನು ಕೊಡತಕ್ಕದ್ದಲ್ಲ.

ನಾರು ಸೀಳುತ್ತಾ ಹೋದಂತೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗುತ್ತದೆ. ಗಾಳಿಯಲ್ಲಿ ತೇಲುವ ಆ ಎಳೆಗಳು ಉಸಿರಿನೊಂದಿಗೆ ಪುಪ್ಪುಸದ ಆಳಕ್ಕಿಳಿದರೆ, ಎಷ್ಟೋ ಎಳೆಗಳು ಹೊರಕ್ಕೆ ಬರುವುದೇ ಇಲ್ಲ. ಪುಪ್ಪುಸವು ಗಡುಸಾಗಿ ಉಸಿರು ಕುಗ್ಗುವ ಆಸ್ಬೆಸ್ಟೋಸಿಸ್, ಪುಪ್ಪುಸದ ಅರ್ಬುದ, ಅದರ ಸುತ್ತಲಿನ ಪೊರೆಗೆ ಬರುವ ಮೆಸೋಥೀಲಿಯೋಮ ಎಂಬ ಅರ್ಬುದ, ಇವು ಇದರಿಂದ ಬರುವ ವ್ಯಾಧಿಗಳು. ಬಿಳಿ, ಕಂದು, ನೀಲಿ ಎಂದು ಕಲ್ನಾರಿನಲ್ಲಿ ಬಗೆಗಳಿದ್ದರೂ ಎಲ್ಲವೂ ಅರ್ಬುದಕಾರಕಗಳೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಬ್ರಿಟನ್ ೧೯೯೯ರಲ್ಲಿ, ಐರೋಪ್ಯ ಒಕ್ಕೂಟ ೨೦೦೫ರಲ್ಲಿ ಇದನ್ನು ಪೂರ್ತಿ ನಿಷೇಧಿಸಿದುವು. ನಮ್ಮ ದೇಶದ ರೀತಿ ವಿಚಿತ್ರವಾದುದು. ೧೯೮೬ರಿಂದ ಇಲ್ಲಿ ಹೊಸ ಗಣಿಗೆ ಅಪ್ಪಣೆ ನಿಂತಿತು. ಬಿಳಿಯ ಕಲ್ನಾರು ಮಾತ್ರ ಬಹುಪಾಲು ರಷ್ಯಾದಿಂದ ಹಡಗಿನಲ್ಲಿ ಬಂದು ನಮ್ಮ ಸೂರೇರುತ್ತಲೇ ಇದೆ.

ಹಾಗಾದರೆ ಪತ್ರಾದ ಕೆಳಗೆ ಮಲಗಿದವರೆಲ್ಲರೂ ನಾಳೆ ರೋಗಿಗಳಾಗುವರೇ? ಇಲ್ಲ. ನಾರು ಸಿಮೆಂಟಿನ ಹಿಡಿತದಲ್ಲಿರುವ ತನಕ, ಹಾಳೆ ಒಡೆಯದೆ ಇರುವ ತನಕ, ಅದರಿಂದ ಗಾಳಿಗೆ ಸೇರುವ ಎಳೆಗಳು ಅತ್ಯಲ್ಪ. ಕೊರೆದಾಗ, ಕೊಯ್ದಾಗ, ಒಡೆದಾಗ, ತಂತಿಯ ಬ್ರಷ್ಷಿನಿಂದ ಪಾಚಿ ಕೆರೆದಾಗ ಅದು ಹೊರಬೀಳುತ್ತದೆ. ಮಳೆಬಿಸಿಲುಗಳಿಗೆ ಸಿಮೆಂಟು ಸವೆದ ಹಳೆಯ ಹಾಳೆಯ ಮೈಯಿಂದಲೂ ಸ್ವಲ್ಪ ಸ್ವಲ್ಪ ಎದ್ದುಬರುತ್ತದೆ. ಇಷ್ಟನ್ನು ತಿಳಿದರೆ ನಡೆದುಕೊಳ್ಳುವ ಬಗೆಯೂ ತಿಳಿಯಿತು.

ನಮ್ಮ ಖೋಲಿ ಹನ್ನೆರಡಡಿಗೆ ಹತ್ತಡಿ. ಅದರಲ್ಲಿ ಮರಾಠಿಯವರು ಪೋಟಮಾಳಾ ಎನ್ನುವ ಅಟ್ಟವೊಂದುಂಟು. ನಮ್ಮ ಮಗಳು ಓದುವುದೂ ಮಲಗುವುದೂ ಅಲ್ಲಿಯೇ. ಅಂಗಾತ ಮಲಗಿ ಕೈಚಾಚಿದರೆ ಅವಳಿಗೆ ಸೂರು ತಾಗುತ್ತದೆ. ನಮಗಿಂತ ಮುಂಚೆ ಇದ್ದವರ ಮಕ್ಕಳು ಕೈವಾರದ ಮೊನೆಯಿಂದ ತಮ್ಮ ಹೆಸರುಗಳನ್ನೂ, ಯಾವುದೋ ಪರೀಕ್ಷೆಯ ಅಂಕಗಳನ್ನೂ ಆ ಹಾಳೆಯ ಮೇಲೆ ಕೊರೆದಿದ್ದರು. ಊರಿನ ಮಂಗಳೂರು ಹಂಚಿನ ಮಾಡಿನಲ್ಲಿ ಇಲಿ ಓಡುವ ಸದ್ದಿಗಷ್ಟೇ ಹೆದರಿ ಬೆಳೆದ ನಮಗೆ ಈ ಹೆದರಿಕೆ ಹೊಸದು. ಹಾಳೆಯ ಒಳಮೈಯನ್ನು ಕೆರೆಯದೆ, ಒದ್ದೆಬಟ್ಟೆಯಿಂದ ಮೆಲ್ಲಗೆ ಒರೆಸಿ, ಎರಡು ಸಲ ಬಣ್ಣ ಹಚ್ಚಿದೆವು. ಆ ಒದ್ದೆಬಟ್ಟೆಯನ್ನು ಒಗೆಯಲಿಲ್ಲ, ಚೀಲದಲ್ಲಿ ಕಟ್ಟಿ ಎಸೆದೆವು. ಅಟ್ಟವನ್ನು ಒಣಪೊರಕೆಯಿಂದ ಗುಡಿಸುವುದು ಅಂದಿನಿಂದ ನಿಂತಿತು. ಬಣ್ಣದ ಆಯ್ಕೆಯಲ್ಲಿ ಮಗಳು ಆಕಾಶನೀಲಿ ಎಂದಳು, ಗೃಹಿಣಿ ಬಿಳಿ ಎಂದಳು, ನೀಲಿಯೇ ಆಯಿತು.

ಕಷ್ಟ ಬಂದುದು ಮೇ ತಿಂಗಳಲ್ಲಿ. ಸಂಕ್ರಾಂತಿಯ ಗಾಳಿಪಟ ಹಿಡಿಯಲು ಯಾವನೋ ಹುಡುಗ ಮೇಲೆ ಓಡಿದ್ದರಿಂದ ಒಂದು ಹಾಳೆ ಬಿರುಕು ಬಿಟ್ಟಿತ್ತು. ಹುಡುಗ ಕೆಳಕ್ಕೆ ಬೀಳಲಿಲ್ಲವೆಂಬುದೇ ದೊಡ್ಡದು. ಈ ಹಾಳೆಗಳು ಮನುಷ್ಯನ ಭಾರವನ್ನು ತಾಳುವುವೆಂದು ನಂಬಿ ಕಾಲಿಟ್ಟವರು ಒಳಕ್ಕೆ ಬಿದ್ದು ಸತ್ತ ಉದಾಹರಣೆಗಳು ಎಲ್ಲ ದೇಶಗಳಲ್ಲಿಯೂ ಇವೆ. ಮಳೆಗೆ ಮುಂಚೆ ಹಾಳೆ ಬದಲಿಸಲೆಂದು ಕರೆಸಿದ ಗೌಂಡಿ ವಿಜಾಪುರದ ಕಡೆಯವನು, ನಮ್ಮ ಶಾಲೆಯ ವಿದ್ಯಾರ್ಥಿಯೊಬ್ಬನ ತಂದೆ. ಬರುವಾಗ ಗರಗರನೆ ತಿರುಗುವ ಕೊಯ್ಯುವ ಯಂತ್ರವನ್ನು ತಂದಿದ್ದನು. ರಜೆಯ ದಿನವಾದುದರಿಂದ ಹಾಳೆ ಹಿಡಿಯಲು ಮಗನನ್ನೂ ಕರೆತಂದಿದ್ದನು.

ಯಂತ್ರ ಬೇಡ, ಕೈಗರಗಸ ಸಾಕು, ನೀರು ಸುರಿಯುತ್ತಾ ಕೊಯ್ಯಬೇಕು ಎಂದು ನಾವು ಹೇಳಿದಾಗ ಆತ ನಕ್ಕನು. ‘ಇಪ್ಪತ್ತ ವರ್ಷಾತ್ರಿ ಸರ, ಇದನ್ನ ಕೊಯ್ಯಾಕತ್ತು. ನನಗೇನಾಗೇತ್ರಿ?’

ಈ ಪ್ರಶ್ನೆಗೆ ಉತ್ತರ ಹೇಳುವುದು ವ್ಯಾಕರಣ ಹೇಳಿದಷ್ಟು ಸುಲಭವಲ್ಲ. ಈ ವ್ಯಾಧಿಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳು ಹಿಡಿಯುತ್ತವೆ. ಇಪ್ಪತ್ತು ವರ್ಷ ಏನೂ ಆಗಲಿಲ್ಲವೆಂಬುದು ನಿರ್ಭಯಕ್ಕೆ ಕಾರಣವಲ್ಲವೆಂದು, ಎದುರಿಗೆ ಆತನ ಮಗನನ್ನು ನಿಲ್ಲಿಸಿಕೊಂಡು ಹೇಳುವುದು ಹೇಗೆ? ಹುಡುಗನನ್ನು ಚಹ ತರಲು ಕಳುಹಿಸಿದೆವು. ಆಮೇಲೆ ಹೇಳಿದೆವು. ಬೀಡಿ ಸೇದುವವರಿಗೆ ಕಲ್ನಾರಿನ ಧೂಳೂ ಸೇರಿದರೆ ಪುಪ್ಪುಸದ ಅರ್ಬುದದ ಅಪಾಯ ಹಲವು ಮಡಿ ಹೆಚ್ಚುವುದೆಂಬುದನ್ನೂ ಹೇಳಿದೆವು, ಏಕೆಂದರೆ ಕಿವಿಯ ಮೇಲೆ ಬೀಡಿ ಇತ್ತು. ದುಡಿದುಬಂದವರ ಬಟ್ಟೆ ಒಗೆದು ಒಗೆದು ಮನೆಯ ಹೆಂಗಸರಿಗೂ ಈ ರೋಗ ಬಂದುದು ವೈದ್ಯರ ಬರಹಗಳಲ್ಲಿದೆ ಎಂದಾಗ ಆತನ ನಗೆ ನಿಂತಿತು.

‘ಹಂಗಾದ್ರ ಹುಡುಗನ್ನ ಇನ್ನ ಕರಕೊಂಡ ಬರಂಗಿಲ್ಲ ಬಿಡ್ರಿ’ ಎಂದನು. ತನ್ನ ವಿಷಯವಾಗಿ ಏನನ್ನೂ ಹೇಳಲಿಲ್ಲ.

ಕೆಲಸ ನಾವು ಹೇಳಿದಂತೆಯೇ ನಡೆಯಿತು. ಮಗಳೂ ಗೃಹಿಣಿಯೂ ಆ ದಿನ ನೆರೆಮನೆಯಲ್ಲಿದ್ದರು. ಹಳೆಯ ಹಾಳೆಯನ್ನು ನೀರಿನಿಂದ ತೋಯಿಸಿ, ಒಡೆಯದೆ ಮೊಳೆ ಕಳಚಿ ಇಳಿಸಿದನು. ಮೂಗಿಗೆ ಕಟ್ಟಿದ ಕರವಸ್ತ್ರ ಈ ಧೂಳಿಗೆ ಏನೂ ಸಾಲದು. ಔಷಧಿಯಂಗಡಿಯಿಂದ ತಂದ ಎನ್-೯೫ ಮುಖಗವಸನ್ನು ಕೊಟ್ಟೆವು, ಸೆಕೆಗೆ ಬೈದುಕೊಳ್ಳುತ್ತಾ ಹಾಕಿಕೊಂಡನು. ಚೂರುಗಳನ್ನು ಒದ್ದೆಯಾಗಿಯೇ ಆಯ್ದು ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿದೆವು. ಮೇಲೆ ಹೊಸದಾಗಿ ಹಾಕಿದುದು ತಗಡಿನ ಪತ್ರಾ. ಮಧ್ಯಾಹ್ನ ಹೆಚ್ಚು ಕಾಯುತ್ತದೆ, ಮಳೆ ಬಂದರೆ ಪಾಠ ಹೇಳಲಾಗದಷ್ಟು ಸದ್ದು. ಕೊಯ್ದರೆ ನಾರು ಹಾರುವುದಿಲ್ಲ. ಒಂದು ಗಂಟೆಯ ಕೆಲಸಕ್ಕೆ ಮೂರು ಗಂಟೆ ಹಿಡಿದುದರಿಂದ ಕೂಲಿಯೂ ಹೆಚ್ಚಾಯಿತು, ಕೊಟ್ಟೆವು. ಕೊಡುವ ಶಕ್ತಿ ಇಲ್ಲದ ಮನೆಗಳಲ್ಲಿ ಆತ ಯಂತ್ರವನ್ನೇ ಹಿಡಿಯುವನೆಂಬುದು ನಮಗೂ ಗೊತ್ತು, ಆತನಿಗೂ ಗೊತ್ತು.

ಕಲ್ನಾರಿನ ಕಾರ್ಖಾನೆಗಳ ಕಾರ್ಮಿಕರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ ೧೯೯೫ರ ಜನವರಿಯಲ್ಲಿ ಒಂದು ತೀರ್ಪು ಕೊಟ್ಟಿತು. ಪ್ರತಿಯೊಬ್ಬನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ೪೦ ವರ್ಷಗಳವರೆಗೆ, ಇಲ್ಲವೆ ಕೆಲಸ ಬಿಟ್ಟ ಮೇಲೆ ೧೫ ವರ್ಷಗಳವರೆಗೆ, ಯಾವುದು ತಡವೋ ಅಲ್ಲಿಯ ತನಕ ಇಡಬೇಕೆಂದು ಅದರಲ್ಲಿದೆ. ನಲವತ್ತು ವರ್ಷವೆಂದರೆ ನ್ಯಾಯಾಧೀಶರು ಈ ರೋಗದ ನಡಿಗೆಯನ್ನು ಬಲ್ಲವರಾಗಿದ್ದರು. ಚಾಳಿನಿಂದ ಚಾಳಿಗೆ ಗರಗಸ ಹೊತ್ತು ತಿರುಗುವ ಗೌಂಡಿಯ ದಾಖಲೆಯನ್ನು ಇಡುವವರಾರು? ಪರೇಲಿನ ಕಡೆ ದೊಡ್ಡ ಸರಕಾರಿ ಆಸ್ಪತ್ರೆಗಳಿವೆ. ಪುಪ್ಪುಸದ ಪರೀಕ್ಷೆ ಮಾಡಿಸಿಕೊಂಡು, ಏನು ಕೆಲಸ ಮಾಡುವೆನೆಂಬುದನ್ನು ವೈದ್ಯರಿಗೆ ಬಿಡಿಸಿ ಹೇಳು ಎಂದು ಕಾಗದದಲ್ಲಿ ಬರೆದುಕೊಟ್ಟೆವು. ಆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡನು.

ಸುತ್ತಿಟ್ಟ ಕಟ್ಟನ್ನು ಒಯ್ಯಲು ಕಸದ ಗಾಡಿಯವರು ಒಪ್ಪಲಿಲ್ಲ. ನೆರೆಯವರೊಬ್ಬರು ಪುಡಿಮಾಡಿ ಗಲ್ಲಿಯ ಗುಂಡಿಗೆ ಹಾಕಿರೆಂದರು, ಅದು ಮಾತ್ರ ಕೂಡದು. ಈಗ ಅದು ನೀರಿನ ಪೀಪಾಯಿಯ ಹಿಂದೆ ಇದೆ, ಮೇಲೆ ಕೆಂಪು ಅಕ್ಷರದಲ್ಲಿ ‘ಕಲ್ನಾರು, ಬಿಚ್ಚಬೇಡಿ’ ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದಿದ್ದೇವೆ. ಉಳಿದ ಏಳು ಹಾಳೆಗಳನ್ನು ದೀಪಾವಳಿಯ ಅನಂತರ ಎರಡೆರಡಾಗಿ ಇಳಿಸುವುದೆಂದು ನಿಶ್ಚಯವಾಗಿದೆ. ಅಷ್ಟರ ತನಕ ಮೇಲೆ ತಾಡಪತ್ರಿ, ಕೆಳಗೆ ನೀಲಿಬಣ್ಣ.