ನನ್ನ ಎಣಿಕೆಗೆ ಸೇರದವಳು

ಶಾಲಾ ಪ್ರವಾಸಕ್ಕೆ ಮಕ್ಕಳೊಡನೆ ಹೋಗುವ ಪಾಲಕನ ಮುಖ್ಯ ಕೆಲಸ ಎಣಿಸುವುದು. ಊರು ತೋರಿಸಲು ಗೈಡ್ ಇರುತ್ತಾರೆ, ಗದರಿಸಲು ಶಿಕ್ಷಕರಿರುತ್ತಾರೆ, ಊಟ ವಸತಿಯ ಲೆಕ್ಕ ಏಜೆಂಟನದು. ಪಾಲಕನ ಪಾಲಿಗೆ ಉಳಿಯುವುದು ತಲೆ ಎಣಿಕೆ. ಬಸ್ಸು ಹತ್ತುವ ಮುಂಚೆ ಒಮ್ಮೆ, ಹತ್ತಿದ ಮೇಲೆ ಒಮ್ಮೆ, ಶೌಚಾಲಯದ ಹೊರಗೆ, ಐಸ್‌ಕ್ರೀಮಿನ ಗಾಡಿಯ ಎದುರು, ರಾತ್ರಿ ಕೋಣೆಯ ದೀಪ ಆರಿಸುವ ಮುಂಚೆ. ಐದು ದಿನಗಳಲ್ಲಿ ನಾನು ಹನ್ನೊಂದರವರೆಗೆ ಎಷ್ಟು ಸಲ ಎಣಿಸಿದೆನೋ ಲೆಕ್ಕವಿಲ್ಲ. ಎಂಟನೆಯ ತರಗತಿಯ ಹನ್ನೊಂದು ಹುಡುಗರನ್ನು ನನ್ನ ವಶಕ್ಕೆ ಕೊಟ್ಟಿದ್ದರು. ಅದೇ ತರಗತಿಯಲ್ಲಿ ಓದುವ ನನ್ನ ಮಗಳು ಆ ಹನ್ನೊಂದರಲ್ಲಿ ಇರಲಿಲ್ಲ. ಆಕೆ ಹುಡುಗಿಯರ ಗುಂಪಿನಲ್ಲಿ, ವಿಜ್ಞಾನದ ಟೀಚರ ಎಣಿಕೆಯಲ್ಲಿ ಇದ್ದಳು.

ಇದು ಶಾಲೆಯ ನಿಯಮ, ಮತ್ತು ನನ್ನ ಅಭಿಪ್ರಾಯದಲ್ಲಿ ಬಹಳ ವಿವೇಕದ ನಿಯಮ. ತನ್ನ ಮಗು ತನ್ನ ಗುಂಪಿನಲ್ಲಿದ್ದರೆ ಪಾಲಕ ಉಳಿದ ಹತ್ತನ್ನು ಮರೆಯುತ್ತಾನೆ. ಮಗಳು ತನ್ನದೇ ಆದ ಇನ್ನೂ ಕೆಲವು ನಿಯಮಗಳನ್ನು ಇದಕ್ಕೆ ಜೋಡಿಸಿದ್ದಳು. ಎಲ್ಲರೆದುರು ‘ಅವ್ವಾ’ ಎಂದು ಕರೆಯಬಾರದು. ಊಟ ಮಾಡಿದೆಯಾ ಎಂದು ಕೇಳಬಾರದು. ಬಸ್ಸಿನಲ್ಲಿ ಹಿಂದಿನ ಸೀಟಿಗೆ ಬಂದು ಕೂರಬಾರದು. ನಾನು ಎಲ್ಲಕ್ಕೂ ಒಪ್ಪಿದೆ. ಹೀಗೆ ಮಗಳ ಜೊತೆಯಲ್ಲೇ ಐದು ದಿನ ಪ್ರವಾಸ ಮಾಡಿಯೂ ಆಕೆಯನ್ನು ಹತ್ತು ಹೆಜ್ಜೆ ದೂರದಿಂದ, ಬೇರೆಯವರ ಮಗುವನ್ನು ನೋಡುವಂತೆ ನೋಡುವ ಅವಕಾಶ ನನ್ನದಾಯಿತು.

ಪುಣೆಯಿಂದ ಹೊರಟು ಮೊದಲು ಹೈದರಾಬಾದು, ಅಲ್ಲಿಂದ ಬೆಂಗಳೂರು, ಮತ್ತೆ ಪುಣೆ. ‘ದಕ್ಷಿಣದ ಎರಡು ಮಹಾನಗರಗಳು’ ಎಂದು ಶಾಲೆಯ ಪತ್ರದಲ್ಲಿ ಬರೆದಿತ್ತು. ಆ ಪತ್ರ ಓದಿದಾಗ ನನಗೆ ಬೇರೊಂದು ಯೋಚನೆ ಬಂತು. ನಮ್ಮ ಮೂಲ ಇಂಡಿ ತಾಲ್ಲೂಕು. 1956ರ ನವೆಂಬರ್ 1ರವರೆಗೆ ವಿಜಯಪುರ, ಧಾರವಾಡ, ಬೆಳಗಾವಿಯ ಜನ ಮುಂಬಯಿ ರಾಜ್ಯದ ಪ್ರಜೆಗಳು. ಕಲಬುರಗಿ, ರಾಯಚೂರು, ಬೀದರಿನವರು ಹೈದರಾಬಾದಿನ ಪ್ರಜೆಗಳು. ನಮ್ಮ ಹಿರಿಯರಿಗೆ ಪಟ್ಟಣವೆಂದರೆ ಸೊಲ್ಲಾಪುರ, ದೊಡ್ಡ ಪಟ್ಟಣವೆಂದರೆ ಪುಣೆ, ಮುಂಬಯಿ. ಕೋರ್ಟಿನ ಅಪೀಲಿಗೂ ಕೆಲಸಕ್ಕೂ ಅವರು ಆ ದಿಕ್ಕಿಗೇ ಹೋದರು. ನನ್ನ ತಂದೆ ಪುಣೆಗೆ ಬಂದದ್ದೂ ಅದೇ ಹಳೆಯ ದಾರಿಯಲ್ಲಿ. ನನ್ನ ತಾಯಿ ಇಂದಿಗೂ ಬೆಂಗಳೂರನ್ನು ನೋಡಿಲ್ಲ. ಭಾಷೆಯ ಹೆಸರಿನಲ್ಲಿ ನಮ್ಮ ರಾಜಧಾನಿಯಾದ ಊರು ನಮ್ಮ ಮನೆಯ ರೂಢಿಯಲ್ಲಿ ಎಂದೂ ದೂರದ ಊರೇ. ಆ ಊರಿಗೆ ನಮ್ಮ ಮನೆಯ ಹುಡುಗಿ ಮೊದಲ ಬಾರಿ ಹೋಗುತ್ತಿದ್ದದ್ದು ಮರಾಠಿ, ಗುಜರಾತಿ, ಸಿಂಧಿ ಮಕ್ಕಳ ನಡುವೆ, ಕೊರಳಿಗೆ ಪುಣೆಯ ಶಾಲೆಯ ಗುರುತಿನ ಚೀಟಿ ಕಟ್ಟಿಕೊಂಡು.

ಹೈದರಾಬಾದಿನಲ್ಲಿ ಎಲ್ಲರೂ ಸಮಾನವಾಗಿ ಪರಊರಿನವರು. ಆದ್ದರಿಂದ ಎಲ್ಲವೂ ಸುಲಭ. ಸಾಲಾರ್ ಜಂಗ್ ಸಂಗ್ರಹಾಲಯದ ಪ್ರಸಿದ್ಧ ಗಡಿಯಾರದ ಮುಂದೆ ಜನ ಸಿನಿಮಾಕ್ಕೆ ಕಾದಂತೆ ಕಾದು ಕೂತಿರುತ್ತಾರೆ. ತಾಸು ಮುಗಿಯುವ ಹೊತ್ತಿಗೆ ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ, ಅಷ್ಟೆ. ನಾವು ಹೋದದ್ದು ಹನ್ನೆರಡಕ್ಕೆ, ಹಾಗಾಗಿ ಪೂರ್ತಿ ಹನ್ನೆರಡು ಏಟು ಸಿಕ್ಕವು. ನನ್ನ ಹುಡುಗರು ಜೋರಾಗಿ ಎಣಿಸಿದರು. ಎಣಿಸುವ ಚಾಳಿ ಅವರಿಗೂ ಅಂಟಿತ್ತು.

ಗೋಲ್ಕೊಂಡದಲ್ಲಿ ಗೈಡ್ ನಮ್ಮನ್ನು ಎರಡು ಭಾಗ ಮಾಡಿದ. ಹುಡುಗಿಯರು ಕೆಳಗೆ, ಫತೇ ದರ್ವಾಜಾದ ಗುಮ್ಮಟದಡಿ. ಹುಡುಗರು ನನ್ನೊಡನೆ ಮೇಲೆ, ಬಾಲಾ ಹಿಸಾರ್‌ನಲ್ಲಿ. ಕೆಳಗೆ ಚಪ್ಪಾಳೆ ತಟ್ಟಿದರೆ ಮೇಲಿನ ಕಾವಲುಗಾರನಿಗೆ ಕೇಳಬೇಕು, ಕೋಟೆ ಕಟ್ಟಿದವರ ಹೂಟ ಅದು. ಏದುಸಿರು ಬಿಡುತ್ತ ಹತ್ತಿ, ಹನ್ನೊಂದು ಎಣಿಸಿ, ಹುಡುಗರ ಬಾಯಿ ಮುಚ್ಚಿಸಿ ನಿಂತೆ. ಕೇಳಿಸಿತು. ಒಣ ಕಡ್ಡಿ ಮುರಿದಂತೆ, ತೀರ ಹತ್ತಿರದಲ್ಲಿ. ಒಂದಾದ ಮೇಲೊಂದು ಚಪ್ಪಾಳೆಗಳು ಬಂದವು. ಒಬ್ಬೊಬ್ಬರಾಗಿ ತಟ್ಟುತ್ತಿದ್ದರೆಂದು ಆಮೇಲೆ ತಿಳಿಯಿತು. ಅದರಲ್ಲಿ ಮಗಳದು ಯಾವುದು ಎಂದು ಗುರುತಿಸಲು ನೋಡಿದೆ, ಆಗುವ ಮಾತಲ್ಲ.

ಆ ಊರಿನಲ್ಲಿ ಆಕೆಗೊಂದು ಪದವಿ ದೊರೆಯಿತು. ನನ್ನ ತಾಯಿ ಬೇಸಿಗೆಯ ರಜೆಗಳಲ್ಲಿ, ಗೋಡೆಯ ಕ್ಯಾಲೆಂಡರಿನ ತಿಥಿ ವಾರಗಳನ್ನು ಓದಿಸಿ ಆಕೆಗೆ ಕನ್ನಡದ ಅಕ್ಷರ ಕಲಿಸಿದ್ದಾಳೆ. ಆಕೆ ಅಜ್ಜಿಯನ್ನು ಕರೆಯುವುದು ‘ಆಯಿ’ ಎಂದು. ಮರಾಠಿಯಲ್ಲಿ ಆಯಿ ಎಂದರೆ ತಾಯಿಯಾದ್ದರಿಂದ, ‘ಆಯಿ ಕಲಿಸಿದಳು’ ಎಂದಾಗಲೆಲ್ಲ ಶಾಲೆಯಲ್ಲಿ ಆ ಪುಣ್ಯ ನನ್ನ ಹೆಂಡತಿಗೆ ಸಲ್ಲುತ್ತದೆ. ಅಬಿಡ್ಸ್ ಕಡೆಯಲ್ಲಿ ಬಸ್ಸು ನಿಂತಾಗ ಅಂಗಡಿಯೊಂದರ ತೆಲುಗು ಬೋರ್ಡನ್ನು ಮಗಳು ಕೂಡಿಸಿ ಕೂಡಿಸಿ ಓದಿದಳು. ರ, ನ, ಯ ಎಲ್ಲ ನಮ್ಮವೇ. ಕ, ತ ಬಂದಲ್ಲಿ ತಡವರಿಸಿದಳು, ಊಹಿಸಿದಳು. ಅರ್ಥ ಗೊತ್ತಿಲ್ಲ, ಓದು ಬರುತ್ತದೆ! ಗೆಳತಿಯರಿಗೆ ಇದು ಮಾಟದಂತೆ ಕಂಡಿತು. ಬೋರ್ಡು ಓದಿಸುವ ಆಟ ಶುರುವಾಯಿತು. ಕಾಚಿಗುಡದಿಂದ ರಾತ್ರಿಯ ರೈಲು ಹತ್ತುವಾಗ ಒಬ್ಬಳು ಹೇಳಿದ್ದು ನನ್ನ ಕಿವಿಗೂ ಬಿತ್ತು: ನಾಳೆಯಿಂದ ಇವಳೇ ನಮ್ಮ ಗೈಡ್.

ಬೆಂಗಳೂರಿನ ಮೊದಲ ಬೆಳಿಗ್ಗೆ ಹಾಗೆಯೇ ನಡೆಯಿತು. ಸಿಗ್ನಲಿನಲ್ಲಿ ನಿಂತ ಬಸ್ಸುಗಳ ಹಣೆಯ ಮೇಲಿನ ಬನಶಂಕರಿ, ಯಶವಂತಪುರ, ಅಂಗಡಿಗಳ ಮೇಲಿನ ಬೇಕರಿ, ದರ್ಶಿನಿ, ಎಲ್ಲವನ್ನೂ ಆಕೆ ತಡವರಿಸದೆ ಓದಿದಳು. ಈಗ ಅರ್ಥವನ್ನೂ ಹೇಳಿದಳು. ನಾನು ಮುಂದಿನ ಸೀಟಿನಲ್ಲಿ ಬೆನ್ನು ಮಾಡಿ ಕೂತು ಕೇಳುತ್ತಿದ್ದೆ. ತಿರುಗಿ ನೋಡುವುದು ನಿಯಮಕ್ಕೆ ವಿರುದ್ಧವಾದೀತೆಂದು ನೋಡಲಿಲ್ಲ.

ಅಂದು ಲಾಲ್‌ಬಾಗು. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯನ್ನು ಮಕ್ಕಳು ಐದು ನಿಮಿಷದಲ್ಲಿ ನೋಡಿ ಮುಗಿಸಿದರು. ಅವರಿಗೆ ಹಿಡಿಸಿದ್ದು ಕೆಂಪೇಗೌಡರ ಗೋಪುರವಿರುವ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯದೆಂದು ಶಿಕ್ಷಕರು ಹೇಳಿದಾಗ ನನ್ನ ಗುಂಪಿನ ಒಬ್ಬ ಬಗ್ಗಿ ಅದಕ್ಕೆ ಕೈಯೂರಿ, ಬಿಸಿಯಿದೆ ಎಂದ. ಇಳಿದು ಹೊರಬಾಗಿಲಿಗೆ ಬಂದಾಗ ಎಲ್ಲರಿಗೂ ಹಸಿವು. ಅಲ್ಲೊಬ್ಬಾಕೆ ಬುಟ್ಟಿಯಿಟ್ಟುಕೊಂಡು ಚುರುಮುರಿ ಮಾರುತ್ತಿದ್ದಳು. ಶಿಕ್ಷಕರು ಅನುಮತಿ ಕೊಟ್ಟರು. ಹುಡುಗಿಯರು ಮೊದಲು, ಹುಡುಗರು ಆಮೇಲೆ. ನಾನು ನನ್ನ ಹನ್ನೊಂದನ್ನು ಸಾಲಿನಲ್ಲಿ ಹಿಡಿದು ನಿಂತಿದ್ದೆ.

ಮಗಳು ನಾಲ್ವರ ಪರವಾಗಿ ಮುಂದೆ ಹೋದಳು. ಅವರಲ್ಲೊಬ್ಬಳು ಜೈನರ ಹುಡುಗಿ, ಈರುಳ್ಳಿ ತಿನ್ನುವುದಿಲ್ಲ.

“ನಾಕು ಕೊಡ್ರಿ. ಒಂದರಾಗ ಉಳ್ಳಾಗಡ್ಡಿ ಹಾಕಬ್ಯಾಡ್ರಿ.”

“ಏನಮ್ಮಾ?”

“ಉಳ್ಳಾಗಡ್ಡಿ.”

ಆಕೆಗೆ ತಿಳಿಯಲಿಲ್ಲ. ಮಗಳು ಬಗ್ಗಿ, ಹೆಚ್ಚಿಟ್ಟ ರಾಶಿಯತ್ತ ಬೆರಳು ಮಾಡಿದಳು.

“ಓ, ಈರುಳ್ಳಿನಾ!” ಆಕೆ ಮುಖ ತುಂಬ ನಕ್ಕಳು. ಕೊರಳ ಚೀಟಿಯನ್ನು ನೋಡಿದಳು. “ಯಾವೂರಮ್ಮ? ಪುಣೆನಾ? ಪರವಾಗಿಲ್ವೇ, ಕನ್ನಡ ಚೆನ್ನಾಗಿ ಕಲ್ತಿದ್ದೀಯ ಕಣಮ್ಮ!”

ಪ್ರೀತಿಯಿಂದಲೇ ಹೇಳಿದಳು. ನಾಲ್ಕನೆಯ ಪೊಟ್ಟಣಕ್ಕೆ ಒಂದು ಹಿಡಿ ಕಡಲೆಬೀಜ ಹೆಚ್ಚಿಗೆ ಹಾಕಿದಳು. ಮಗಳು ದುಡ್ಡು ಕೊಟ್ಟು, ಪೊಟ್ಟಣಗಳನ್ನು ಎದೆಗೆ ಒತ್ತಿ ಹಿಡಿದು, ಒಂದು ಕ್ಷಣ ಅಲ್ಲೇ ನಿಂತಳು.

“ಕಲ್ತಿಲ್ರೀ. ನಮ್ಮನಿ ಮಾತರಿ ಅದು.”

ಅಷ್ಟರಲ್ಲಿ ಆ ಹೆಂಗಸು ಮುಂದಿನ ಗಿರಾಕಿಯ ಕಡೆ ತಿರುಗಿದ್ದಳು. ಮುಂದಿನ ಗಿರಾಕಿ ನನ್ನ ಗುಂಪಿನ ಮೊದಲ ಹುಡುಗ. ಅವನು ಹಿಂದಿಯಲ್ಲಿ ಕೇಳಿದ, ಆಕೆ ಹಿಂದಿಯಲ್ಲಿ ಕೊಟ್ಟಳು, ಯಾರೂ ಯಾರನ್ನೂ ಹೊಗಳಲಿಲ್ಲ.

ನಾನು ಅಲ್ಲಿ ಬಾಯಿ ಹಾಕಬಹುದಾಗಿತ್ತು. ನಮ್ಮಲ್ಲಿ ಚುರಮುರಿ ಎಂದರೆ ಬರಿಯ ಮಂಡಕ್ಕಿ, ನಿಮ್ಮಲ್ಲಿ ಅದು ತಿಂಡಿಯ ಹೆಸರು, ನಮ್ಮ ಉಳ್ಳಾಗಡ್ಡಿಯೂ ನಿಮ್ಮ ಈರುಳ್ಳಿಯೂ ಒಂದೇ ಭಾಷೆಯವು ಎಂದು ಭಾಷಣ ಮಾಡಬಹುದಾಗಿತ್ತು. ಆದರೆ ಆಕೆಯದು ತಪ್ಪೇನಿತ್ತು? ಹೊರಗಿನಿಂದ ಬಂದು ಹತ್ತು ವರ್ಷ ಇದ್ದೂ ಒಂದು ಮಾತು ಕಲಿಯದವರನ್ನು ದಿನವೂ ನೋಡುವ ಊರಿನಲ್ಲಿ, ಪುಣೆಯ ಚೀಟಿ ಕಟ್ಟಿಕೊಂಡ ಹುಡುಗಿ ಕನ್ನಡ ಆಡಿದರೆ ಸಂತೋಷವಾಗುವುದು ಸಹಜವೇ. ಜೊತೆಗೆ ನನ್ನ ಹಿಂದೆ ಹನ್ನೊಂದು ಹುಡುಗರಿದ್ದರು, ಅವರಲ್ಲಿಬ್ಬರು ಆಗಲೇ ರಸ್ತೆಯತ್ತ ಜಾರುತ್ತಿದ್ದರು.

ಮಧ್ಯಾಹ್ನದಿಂದ ಬೋರ್ಡಿನ ಆಟ ನಿಂತಿತು. ಗೆಳತಿಯರು ಒಂದೆರಡು ಸಲ ಕೇಳಿದರು. ಆಕೆ ತಲೆನೋವು ಎಂದಳು. ರಾತ್ರಿ ಶಾಲೆಯವರು ಇಪ್ಪತ್ತು ನಿಮಿಷ ಫೋನ್ ಮರಳಿಸುತ್ತಿದ್ದರು, ಮನೆಗೆ ಮಾತಾಡಲು. ಹೋಟೆಲಿನ ಮೊಗಸಾಲೆಯಲ್ಲಿ ಆಕೆ ಆಯಿಯೊಡನೆ ಮಾತಾಡುತ್ತಿದ್ದುದು ಕೇಳಿಸಿತು. ಗಾಜಿನ ಮನೆ ಹೇಳಿದಳು, ಬಂಡೆ ಹೇಳಿದಳು. ಬೆಂಗಳೂರಾಗ ಕನ್ನಡ ಮಾತಾಡಿದ್ಯೇನ ಎಂದು ಅವ್ವ ಕೇಳಿರಬೇಕು. “ಹೂಂ, ಆಯಿ, ಮಾತಾಡಿದೆ. ಅವರಿಗೆ ತಿಳೀತು” ಎಂದಳು. ಅದಕ್ಕಿಂತ ಹೆಚ್ಚಿಗೆ ಏನೂ ಹೇಳಲಿಲ್ಲ.

ಮರುದಿನ ಮೆಟ್ರೊದಲ್ಲಿ ಕಬ್ಬನ್ ಪಾರ್ಕಿಗೆ, ಅಲ್ಲಿಂದ ನಡೆದು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಎಣಿಸಿದೆ: ಹತ್ತು. ಬಾಗಿಲು ಮುಚ್ಚಿತ್ತು, ರೈಲು ಹೊರಟಿತ್ತು. ಒಬ್ಬ ಕಿಟಕಿಗೆ ಮುಖ ಒತ್ತಿಕೊಂಡು ಹೋದದ್ದು ಕಂಡಿತು. ಬೆಳಿಗ್ಗೆಯೇ ಎಲ್ಲರಿಗೂ ಹೇಳಿಕೊಟ್ಟಿದ್ದೆವು: ಹಾಗೇನಾದರೂ ಆದರೆ ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಕದಲಬಾರದು. ಹತ್ತು ಹುಡುಗರನ್ನು ಶಿಕ್ಷಕರಿಗೊಪ್ಪಿಸಿ ಮುಂದಿನ ರೈಲು ಹತ್ತಿದೆ. ಕಬ್ಬನ್ ಪಾರ್ಕಿನಿಂದ ಎಂ.ಜಿ. ರಸ್ತೆಗೆ ಒಂದೇ ನಿಲ್ದಾಣ. ಆ ದೂರದಲ್ಲಿ ಆ ಹುಡುಗನ ತಾಯಿಯ ಮುಖ, ಹೊರಡುವ ದಿನ ಆಕೆ ನನ್ನ ಕೈಗೆ ಕೊಟ್ಟ ಅವನ ಅಲರ್ಜಿಯ ಮಾತ್ರೆ, ಎಲ್ಲ ನೆನಪಾದವು. ನನ್ನ ಸ್ವಂತ ಮಗು ಕಳೆದಿದ್ದರೆ ಭಯ ಮಾತ್ರ ಇರುತ್ತಿತ್ತು. ಪರರ ಮಗುವಾದರೆ ಭಯದ ಜೊತೆ ಇನ್ನೊಂದು ಇರುತ್ತದೆ, ಅದಕ್ಕೆ ಹೆಸರು ಗೊತ್ತಿಲ್ಲ. ಒತ್ತೆಯಿಟ್ಟ ಬಂಗಾರ ಕಳೆದವನಿಗೆ ಆಗುವಂಥದ್ದು.

ಹುಡುಗ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಒಬ್ಬ ವಯಸ್ಸಾದ ಹೆಂಗಸು, ಮಡಿಲಲ್ಲಿ ತರಕಾರಿಯ ಚೀಲ. ಅವನೊಡನೆ ತಾನೂ ಇಳಿದು, ಯಾರಾದರೂ ಬರುವವರೆಗೆ ಎಂದು ಕೂತಿದ್ದರು. ನನ್ನನ್ನು ಕಂಡವರೇ ಎದ್ದು ನಿಂತರು.

“ಏನ್ರೀ ನೀವು? ಮಕ್ಕಳನ್ನ ಹಿಂಗಾ ಕರ್ಕೊಂಡ್ ಬರೋದು? ನಿಮ್ಮ ಮಗ ಆಗಿದ್ರೆ ಬಿಟ್ಟು ಇಳೀತಿದ್ರಾ?”

“ಭಾಳ ಉಪಕಾರ ಆತ್ರಿ ಅಮ್ಮಾರ” ಎಂದೆ. ಅದಕ್ಕಿಂತ ಬೇರೆ ಮಾತು ಹೊರಡಲಿಲ್ಲ.

“ಉಪಕಾರ ಇರ್ಲಿ. ಬಿಜಾಪುರದ ಕಡೆಯವರಾ? ಇಲ್ಲಿ ಜನಜಂಗುಳಿ ಜಾಸ್ತಿ, ಕೈ ಹಿಡ್ಕೊಂಡು ನಡೀರಿ. ಮೊದಲು ಅವನಿಗೆ ನೀರು ಕೊಡಿ.”

ಇನ್ನೂ ಬೈಯುತ್ತಲೇ ಮುಂದಿನ ರೈಲು ಹತ್ತಿದರು. ಹುಡುಗನಿಗೆ ಒಂದಕ್ಷರ ತಿಳಿದಿರಲಿಲ್ಲ. “ಅಂಕಲ್, ಅವರು ನಿಮಗೆ ಪರಿಚಯವೇ?” ಎಂದು ಕೇಳಿದ.

ಆ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹಿಂದಿರುಗುವಾಗ ಎಲ್ಲರೂ ಮಲಗಿದ ಮೇಲೆ ಮಗಳು ನನ್ನ ಬರ್ತಿನ ಅಂಚಿಗೆ ಬಂದು ಕೂತಳು. ತನ್ನ ನಿಯಮವನ್ನು ತಾನೇ ಮುರಿದಿದ್ದಳು. ನಾನು ಎತ್ತಿ ಆಡಲಿಲ್ಲ. ಮೆಟ್ರೊದ ಕಥೆ ಕೇಳಿದಳು. ಹೇಳಿದೆ.

“ಅಕಿ ನಿನಗ, ಕನ್ನಡ ಚಲೋ ಮಾತಾಡ್ತೀರಿ ಅಂದಳೇನು?”

“ಇಲ್ಲ. ಬೈದಳು.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಂದ ಚಲೋ ಬಿಡು” ಎಂದು ಎದ್ದು ಹೋದಳು.

ಬೆಳಿಗ್ಗೆ ಕಲಬುರಗಿಯಲ್ಲಿ ರೈಲು ನಿಂತಾಗ ನನ್ನ ಹುಡುಗರು ಇನ್ನೂ ಮುಸುಕು ಹೊದ್ದಿದ್ದರು. ಮುಂದಿನ ಸಾಲಿನಲ್ಲಿ ಮಗಳು ಕಿಟಕಿಯ ಸರಳುಗಳಿಗೆ ಮುಖವಿಟ್ಟು ಇಡ್ಲಿ, ಉಪ್ಪಿಟ್ಟಿನವನನ್ನು ಕೂಗುತ್ತಿದ್ದಳು. ಪಕ್ಕದಲ್ಲಿ ಆ ಜೈನರ ಹುಡುಗಿ, ಹಸಿದ ಮುಖ ಹಾಕಿಕೊಂಡು.

“ಉಪ್ಪಿಟ್ಟಿನ್ಯಾಗ ಉಳ್ಳಾಗಡ್ಡಿ ಅದ ಏನ್ರಿ?”

“ಅದನವ್ವ. ಇಡ್ಲಿ ತಗೋ, ಅದರಾಗ ಇರಂಗಿಲ್ಲ” ಎಂದ, ಬುಟ್ಟಿಯಿಂದ ತಲೆ ಎತ್ತದೆ. “ಚಿಲ್ಲರ ಕೊಡು ಲಗೂನ, ಗಾಡಿ ಹೊಂಟತಿ.”

ಮಗಳು ಚಿಲ್ಲರೆಗಾಗಿ ಎಲ್ಲರ ಚೀಲ ತಡಕಿದಳು, ಸಿಗಲಿಲ್ಲ. ಹಿಂದೆ ತಿರುಗಿ, ಇಡೀ ಡಬ್ಬಿಗೆ ಕೇಳಿಸುವಂತೆ, “ಅಪ್ಪಾ, ಇಪ್ಪತ್ತು ರೂಪಾಯಿ ಚಿಲ್ಲರ ಅದ ಏನು?” ಎಂದು ಕೂಗಿದಳು.