ಗುಂಡಿನ ಮುಂದೆ ಜೊತೆಗಿದ್ದವರು

ಜೈಲಿಗೆ ಹೋಗುವ ಪಾದ್ರಿ ಅಂದರೆ ಮತಪ್ರಚಾರಕ್ಕೆ ಹೊರಟವನು ಅಂತಲೇ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಇಂಡೋನೇಷ್ಯಾದ ಚಿಲಾಚಾಪ್ ಊರಿನಲ್ಲಿ ನೆಲೆಸಿದ ಐರಿಷ್ ಪಾದ್ರಿ ಫಾದರ್ ಚಾರ್ಲಿ ಬರೋಸ್ ಬಗ್ಗೆ ಓದಿದ ಮೇಲೆ ನನಗೆ ಹಾಗನ್ನಲು ಬಾಯಿ ಬರುವುದಿಲ್ಲ.

ಆ ಊರಿನಿಂದ ನೀರು ದಾಟಿದರೆ ನುಸಕಂಬಾಂಗನ್, ಜೈಲುಗಳ ದ್ವೀಪ. 2015ರ ಏಪ್ರಿಲ್ 29ರ ನಡುರಾತ್ರಿ ಕಳೆದ ಮೇಲೆ ಅಲ್ಲಿ ಡ್ರಗ್ಸ್ ಪ್ರಕರಣದ ಎಂಟು ಮಂದಿಯನ್ನು ಗುಂಡಿಟ್ಟು ಕೊಂದರು. ಅವರಲ್ಲೊಬ್ಬ ಬ್ರೆಜಿಲ್‌ನ ರೊಡ್ರಿಗೋ ಗುಲಾರ್ಟೆ, ಸ್ಕಿಜೋಫ್ರೇನಿಯಾ ಇದ್ದವನು. ಮರಣದಂಡನೆ ಆಗಲಿದೆ ಅಂತ ಅವನ ಜೊತೆಗಿದ್ದ ಫಾದರ್ ಎಷ್ಟು ಬಿಡಿಸಿ ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಕೈಗೆ ಕೋಳ ಬಿದ್ದಾಗ, ನನ್ನನ್ನು ಕೊಲ್ಲುತ್ತಾರಾ ಅಂತ ಅವರನ್ನೇ ಕೇಳಿದನಂತೆ. ಹೌದು ಅಂತ ಹೇಳಬೇಕಾದವರೂ ಅವರೇ.

ಅದಕ್ಕೂ ಮೊದಲು, 2008ರ ಮರಣದಂಡನೆಯಲ್ಲಿ, ಗುಂಡೇಟು ಬಿದ್ದ ಮೇಲೂ ಇಬ್ಬರು ನೈಜೀರಿಯನ್ನರು ಏಳು ನಿಮಿಷ ನರಳಿದರು ಅಂತ ಇಂಡೋನೇಷ್ಯಾದ ಸಾಂವಿಧಾನಿಕ ನ್ಯಾಯಾಲಯದ ಮುಂದೆ ಸಾಕ್ಷಿ ನುಡಿದವರು ಇದೇ ಫಾದರ್. ಪ್ರಾರ್ಥನೆ ಮಾಡಿ ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಇಲ್ಲಿ.

ನಿಮಗೆ ಗೊತ್ತಿರುವ ಯಾರಾದರೂ ಜೈಲಿನಲ್ಲಿದ್ದರೆ, ತಪ್ಪು ಮಾಡಿದವರೇ ಆಗಿರಲಿ, ಒಮ್ಮೆ ಹೋಗಿ ಮಾತಾಡಿಸಿ ಬನ್ನಿ.